ಕಬ್ಬಿನ ಬಾಕಿ ಹಾಗೂ ಉದ್ಯಮದ ಹೊಣೆ: ಬೆಳಗಾವಿ–ಖಾನಾಪುರ ಪ್ರದೇಶದ ನಿದರ್ಶನದಲ್ಲಿ ಒಂದು ವಿವೇಚನೆ

ವಾಣಿಜ್ಯಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಉದ್ಯಮನೀತಿಯ ಅಧ್ಯಾಯವು ಸಾಮಾನ್ಯವಾಗಿ ಕಟ್ಟಕಡೆಯಲ್ಲಿರುತ್ತದೆ. ವರ್ಷಾಂತ್ಯದ ಅವಸರದಲ್ಲಿ ಅಧ್ಯಾಪಕರು ಅದನ್ನು ಎರಡು ತಾಸುಗಳಲ್ಲಿ ಮುಗಿಸುವುದೂ, ವಿದ್ಯಾರ್ಥಿಗಳು ಅದರೊಳಗಿನ ವ್ಯಾಖ್ಯೆಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುವುದೂ ರೂಢಿಯಾಗಿಬಿಟ್ಟಿದೆ. ಅಲ್ಲಿ ಕೊಡುವ ಉದಾಹರಣೆಗಳಾದರೂ ಬಹುಮಟ್ಟಿಗೆ ಪರದೇಶದ ಮೋಟಾರು ಕಂಪನಿಗಳವು, ಎಣ್ಣೆಯ ಕಂಪನಿಗಳವು. ಬೆಳಗಾವಿ ಸೀಮೆಯ ವಿದ್ಯಾರ್ಥಿಯು ಚಳಿಗಾಲದ ದಿನಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲನ್ನು ದಾಟಿಕೊಂಡೇ ಕಾಲೇಜಿಗೆ ಬರುತ್ತಾನೆ. ಆದರೆ ತಾನು ದಾಟಿಬಂದ ಆ ಸಾಲಿಗೂ ತರಗತಿಯಲ್ಲಿ ಕೇಳುವ ಅಧ್ಯಾಯಕ್ಕೂ ಸಂಬಂಧವುಂಟೆಂಬುದು ಅವನ ಮನಸ್ಸಿಗೆ ಹೊಳೆಯುವುದಿಲ್ಲ. ಈ ಸಂಬಂಧವನ್ನು ಬಿಡಿಸಿ ತೋರಿಸಬೇಕೆಂಬುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಉದ್ಯಮವೊಂದರ ನಿರ್ಣಯದಿಂದ ಯಾರ ಯಾರ ಬಾಳಿಗೆ ಒಳಿತು ಕೆಡುಕುಗಳು ಒದಗುವುವೋ, ಯಾರ ಯಾರ ನಡೆಯಿಂದ ಆ ಉದ್ಯಮಕ್ಕೆ ಒಳಿತು ಕೆಡುಕುಗಳು ಒದಗುವುವೋ ಅವರೆಲ್ಲರನ್ನೂ ಹಿತಸಂಬಂಧಿಗಳೆಂದು ಕರೆಯಬಹುದು. ಸ್ಟೇಕ್‌ಹೋಲ್ಡರ್ ಎಂಬ ಹೆಸರಿನಲ್ಲಿ ಈ ಕಲ್ಪನೆಯನ್ನು ವ್ಯವಸ್ಥಾಪನಶಾಸ್ತ್ರದಲ್ಲಿ ನೆಲೆಗೊಳಿಸಿದವರು ಅಮೆರಿಕದ ಎಡ್ವರ್ಡ್ ಫ್ರೀಮನ್ ಅವರು. ಅವರ ಗ್ರಂಥವು 1984ರಲ್ಲಿ ಪ್ರಕಟವಾಯಿತು. ಅದಕ್ಕೆ ಹದಿನಾಲ್ಕು ವರ್ಷ ಮೊದಲು, 1970ರಲ್ಲಿ, ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರು ಉದ್ಯಮದ ಸಾಮಾಜಿಕ ಹೊಣೆಯೆಂದರೆ ಲಾಭವನ್ನು ಹೆಚ್ಚಿಸುವುದೇ ಹೊರತು ಬೇರೆಯಲ್ಲವೆಂದು ವಾದಿಸಿದ್ದರು. ಫ್ರೀಡ್‌ಮನ್ನರ ಮಾತನ್ನು ಅರ್ಧವೇ ಉದ್ಧರಿಸುವ ಚಾಳಿ ನಮ್ಮಲ್ಲಿದೆ. ಕಾಯಿದೆಯ ಹಾಗೂ ಸಮಾಜದಲ್ಲಿ ನೆಲೆಗೊಂಡ ನೀತಿಯ ಕಟ್ಟಳೆಗಳೊಳಗೆ ನಿಂತು ಲಾಭವನ್ನು ಗಳಿಸಬೇಕೆಂದು ಅವರೂ ಹೇಳಿದ್ದಾರೆಂಬುದನ್ನು ಮರೆಯಲಾಗದು. ಇನ್ನು ನಮ್ಮ ದೇಶದಲ್ಲಿ, ಧನಿಕನು ತನ್ನ ಸಂಪತ್ತಿಗೆ ಒಡೆಯನಲ್ಲ, ಧರ್ಮದರ್ಶಿ ಮಾತ್ರ ಎಂಬ ವಿಚಾರವನ್ನು ಗಾಂಧೀಜಿಯವರು ಈ ಇಬ್ಬರಿಗಿಂತ ಬಹು ಹಿಂದೆಯೇ ಮುಂದಿಟ್ಟಿದ್ದರು. ಅವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವು 1924ರಲ್ಲಿ ನಡೆದದ್ದು ಈ ಬೆಳಗಾವಿಯಲ್ಲಿಯೇ.

ಕಾಯಿದೆಯು ಈ ಕಲ್ಪನೆಯನ್ನು ಎಷ್ಟರಮಟ್ಟಿಗೆ ಅಂಗೀಕರಿಸಿದೆ? 2013ರ ಕಂಪನಿಗಳ ಅಧಿನಿಯಮದ 166ನೆಯ ಕಲಮಿನ ಎರಡನೆಯ ಉಪಕಲಮು, ನಿರ್ದೇಶಕನು ಸದ್ಭಾವನೆಯಿಂದ ನಡೆದು ಸದಸ್ಯರೆಲ್ಲರ ಪ್ರಯೋಜನಕ್ಕಾಗಿ ಕಂಪನಿಯ ಉದ್ದೇಶಗಳನ್ನು ಸಾಧಿಸಬೇಕು, ಅಲ್ಲದೆ ಕಂಪನಿ, ಅದರ ನೌಕರರು, ಶೇರುದಾರರು, ಸಮುದಾಯ, ಪರಿಸರ ಇವುಗಳ ಹಿತವನ್ನೂ ಕಾಯಬೇಕು ಎಂದು ವಿಧಿಸುತ್ತದೆ. ಈ ಪಟ್ಟಿಯನ್ನು ಎಚ್ಚರಿಕೆಯಿಂದ ಓದಿದವರಿಗೆ ಒಂದು ಕೊರತೆ ಕಾಣದೆ ಇರದು. ಕಚ್ಚಾ ಸಾಮಗ್ರಿಯನ್ನು ಒದಗಿಸುವವನ ಹೆಸರು ಅದರಲ್ಲಿಲ್ಲ. ಅದೇ ಅಧಿನಿಯಮದ 178ನೆಯ ಕಲಮಿನಲ್ಲಿ ಹಿತಸಂಬಂಧಿಗಳ ಹೆಸರಿನಲ್ಲಿಯೇ ಒಂದು ಸಮಿತಿಯ ಏರ್ಪಾಡು ಇದೆ. ಆದರೆ ಅದು ಆಲಿಸಬೇಕಾದದ್ದು ಶೇರು, ಡಿಬೆಂಚರು ಮೊದಲಾದ ಪತ್ರಗಳನ್ನು ಹೊಂದಿದವರ ಅಹವಾಲುಗಳನ್ನು. ಕಾರ್ಖಾನೆಗೆ ಕಬ್ಬು ಕಳಿಸಿದ ರೈತನು ಆ ಸಮಿತಿಯ ಲೆಕ್ಕದಲ್ಲಿ ಹಿತಸಂಬಂಧಿಯೇ ಅಲ್ಲ! 135ನೆಯ ಕಲಮಿನ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವಾದರೋ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟು. ಲಾಭವಿಲ್ಲದಲ್ಲಿ ಆ ವೆಚ್ಚವೂ ಇಲ್ಲ. ಆದರೆ ಕಬ್ಬಿನ ಬೆಲೆಯು ಲಾಭದಿಂದ ತೆಗೆದುಕೊಡುವ ದಾನವಲ್ಲ, ಪಡೆದ ಮಾಲಿಗೆ ತೆರಬೇಕಾದ ಸಾಲ. ಬಾಕಿಯನ್ನು ಉಳಿಸಿಕೊಂಡ ಕಾರ್ಖಾನೆಯೊಂದು ಶಾಲೆಗೆ ಬೆಂಚುಗಳನ್ನು ಹಂಚಿ ಛಾಯಾಚಿತ್ರ ತೆಗೆಯಿಸಿಕೊಂಡರೆ ಅದನ್ನು ಹೊಣೆಗಾರಿಕೆಯೆಂದು ಕರೆಯುವುದು ನಮಗೆ ಕಷ್ಟ.

ಕಬ್ಬಿನ ವ್ಯಾಪಾರವು ಇತರ ವ್ಯಾಪಾರಗಳಂತಲ್ಲ. ಜೋಳವನ್ನೋ ಹತ್ತಿಯನ್ನೋ ಬೆಳೆದವನು ಬೆಲೆ ಬರುವವರೆಗೆ ಮನೆಯಲ್ಲಿ ಕೂಡಿಡಬಹುದು. ಒಂದು ಪೇಟೆ ಹಿಡಿಸದಿದ್ದರೆ ಮತ್ತೊಂದಕ್ಕೆ ಒಯ್ಯಬಹುದು. ಕಡಿದ ಕಬ್ಬಿಗೆ ಆ ಸ್ವಾತಂತ್ರ್ಯವಿಲ್ಲ. ಕಡಿದ ಗಳಿಗೆಯಿಂದಲೇ ಅದು ಒಣಗುತ್ತ ತೂಕವನ್ನು ಕಳೆದುಕೊಳ್ಳುತ್ತದೆ. ಒಳಗಿನ ಸಕ್ಕರೆಯು ಹರಳುಗಟ್ಟದ ಬೇರೆ ಸಕ್ಕರೆಗಳಾಗಿ ಒಡೆಯುತ್ತದೆ. ಹೊಲದಲ್ಲಿ ನಿಲ್ಲಿಸಿಕೊಂಡರೂ ಹದ ಮೀರಿದ ಬಳಿಕ ಹಾನಿಯೇ. ಬೆಲ್ಲದ ಗಾಣವೊಂದು ಹತ್ತಿರದಲ್ಲಿದ್ದರೆ ಸರಿ, ಇಲ್ಲವಾದರೆ ಕಾರ್ಖಾನೆಯ ಬಾಗಿಲಲ್ಲದೆ ಬೇರೆ ಬಾಗಿಲಿಲ್ಲ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಕಾರ್ಖಾನೆಗೆ ಒಂದು ಪ್ರದೇಶವನ್ನು ಕಾದಿರಿಸುವ ಅಧಿಕಾರ ಸರ್ಕಾರಕ್ಕಿದೆ. 2006ರ ತಿದ್ದುಪಡಿಯಿಂದ ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರುಗಳ ಅಂತರವೂ ವಿಹಿತವಾಯಿತು. ಕಾರ್ಖಾನೆಗೆ ಕಬ್ಬಿನ ಭರವಸೆ ಬೇಕು ಎಂಬುದು ಇವುಗಳ ಹಿಂದಿನ ನ್ಯಾಯ. ಅದೇ ನ್ಯಾಯದ ಮತ್ತೊಂದು ಮುಖವಾಗಿ ಆ ಆಜ್ಞೆಯು, ಕಬ್ಬು ಪಡೆದ 14 ದಿನಗಳೊಳಗೆ ಬೆಲೆ ಪಾವತಿಯಾಗಬೇಕು, ತಡವಾದರೆ ವಾರ್ಷಿಕ ಶೇಕಡಾ 15ರ ಬಡ್ಡಿ ಸಲ್ಲಬೇಕು ಎಂದು ಕಟ್ಟುಮಾಡಿದೆ. ಮಾರುವವನ ಆಯ್ಕೆಯನ್ನು ಕಿರಿದುಗೊಳಿಸಿದ ಮೇಲೆ ಕೊಳ್ಳುವವನ ಹೊಣೆ ಹಿರಿದಾಗುವುದು ಸಹಜ.

ಬೆಲೆಯ ಲೆಕ್ಕವನ್ನು ಇಲ್ಲಿ ತುಸು ವಿಸ್ತಾರವಾಗಿಯೇ ನೋಡಬೇಕಾಗಿದೆ. ಏಕೆಂದರೆ ವಾದವಿವಾದಗಳಲ್ಲಿ ಬಹುಪಾಲು ಈ ಲೆಕ್ಕವನ್ನು ಅರಿಯದೆ ಹುಟ್ಟುತ್ತವೆ. 2009ರಿಂದ ಕೇಂದ್ರ ಸರ್ಕಾರವು ನ್ಯಾಯೋಚಿತ ಹಾಗೂ ಲಾಭದಾಯಕ ಬೆಲೆ ಎಂಬ ಹೆಸರಿನಲ್ಲಿ ಕನಿಷ್ಠ ದರವನ್ನು ಗೊತ್ತುಪಡಿಸುತ್ತ ಬಂದಿದೆ, ಎಫ್.ಆರ್.ಪಿ. ಎಂದು ರೈತರು ಕರೆಯುವುದು ಇದನ್ನೇ. 2025–26ರ ಹಂಗಾಮಿಗೆ ಅದು ಕ್ವಿಂಟಲಿಗೆ 355 ರೂಪಾಯಿ. ಈ ದರವು ಶೇಕಡಾ 10.25ರ ಇಳುವರಿಗೆ, ಎಂದರೆ ನೂರು ಕಿಲೋ ಕಬ್ಬಿನಿಂದ ಹತ್ತೂಕಾಲು ಕಿಲೋ ಸಕ್ಕರೆ ದೊರೆಯುವಲ್ಲಿಗೆ, ಅನ್ವಯಿಸುತ್ತದೆ. ಇಳುವರಿಯು ಶೇಕಡಾ 0.1ರಷ್ಟು ಏರಿದಂತೆಲ್ಲ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಕೂಡುತ್ತದೆ. ಹೀಗಾಗಿ 11.25ರ ಇಳುವರಿಯುಳ್ಳ ಕಾರ್ಖಾನೆಯಲ್ಲಿ ದರವು 389 ರೂಪಾಯಿ 60 ಪೈಸೆ, ಅಂದರೆ ಟನ್ನಿಗೆ 3,896 ರೂಪಾಯಿ ಆಗುತ್ತದೆ. ಆದರೆ ಇದು ಕಾರ್ಖಾನೆಯ ಬಾಗಿಲಿನ ದರ. ಕಟಾವು ಹಾಗೂ ಸಾಗಣೆಯ ವೆಚ್ಚವನ್ನು ಇದರಿಂದಲೇ ಕಳೆಯುತ್ತಾರೆ. ಆ ವೆಚ್ಚವನ್ನು ಟನ್ನಿಗೆ 800 ರೂಪಾಯಿ ಎಂದು ಎಣಿಸಿದರೆ ರೈತನ ಕೈಗೆ ಬರುವುದು 3,096 ರೂಪಾಯಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಧರಣಿ ಹೂಡಿದಾಗ, ನಗರದ ಓದುಗರಲ್ಲಿ ಅನೇಕರು ಸರ್ಕಾರದ ದರವೇ ಅದಕ್ಕಿಂತ ಹೆಚ್ಚಿದೆಯಲ್ಲ ಎಂದು ಬೆರಗಾದದ್ದು ಈ ಕಳೆತದ ಅರಿವಿಲ್ಲದ್ದರಿಂದ. ಆ ತಿಂಗಳು 7ರಂದು ರಾಜ್ಯ ಸರ್ಕಾರವು ಕಟಾವು–ಸಾಗಣೆ ಹೊರತಾಗಿ, 11.25ರ ಇಳುವರಿಗೆ, 3,300 ರೂಪಾಯಿಗಳನ್ನು ಪ್ರಕಟಿಸಿತು. 3,200ರ ಮೇಲಣ ನೂರು ರೂಪಾಯಿಗಳಲ್ಲಿ ಐವತ್ತು ಕಾರ್ಖಾನೆಯದು, ಐವತ್ತು ಸರ್ಕಾರದ್ದು.

ಕಾರ್ಖಾನೆಯವರ ಪಕ್ಷವನ್ನೂ ಕೇಳುವುದು ನ್ಯಾಯ. ಸಕ್ಕರೆಯ ಕನಿಷ್ಠ ಮಾರಾಟದರವನ್ನು 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿಗೆ ನಿಲ್ಲಿಸಲಾಯಿತು. 2025ರ ಹಂಗಾಮು ಆರಂಭವಾಗುವವರೆಗೂ ಅದು ಕದಲಲಿಲ್ಲ. ಈ ಅವಧಿಯಲ್ಲಿ ಕಬ್ಬಿನ ದರವು ಕ್ವಿಂಟಲಿಗೆ 275ರಿಂದ 355ಕ್ಕೆ ಏರಿತು. 11.25ರ ಇಳುವರಿಯಲ್ಲಿ ಒಂದು ಟನ್ ಕಬ್ಬಿನಿಂದ ಬರುವ 112.5 ಕಿಲೋ ಸಕ್ಕರೆಗೆ ಆ ಕನಿಷ್ಠ ದರದಲ್ಲಿ 3,487 ರೂಪಾಯಿಯಷ್ಟೇ ಆಗುತ್ತದೆ. ಪೇಟೆಯ ದರವು ಅದಕ್ಕಿಂತ ಮೇಲಿರುವುದೂ, ಕಾಕಂಬಿ, ಸಿಪ್ಪೆಯಿಂದ ವಿದ್ಯುತ್ತು, ಎಥನಾಲ್ ಇವುಗಳ ಹುಟ್ಟುವಳಿ ಬೇರೆ ಇರುವುದೂ ನಿಜ. ಆದರೂ ಇನ್ನೊಂದು ತೊಡಕು ಉಳಿಯುತ್ತದೆ. ಕಬ್ಬು ನಾಲ್ಕೈದು ತಿಂಗಳಲ್ಲಿ ಬಂದು ಮುಗಿಯುತ್ತದೆ, ಸಕ್ಕರೆಯು ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಮಾರಾಟವಾಗುತ್ತದೆ. 14 ದಿನಗಳಲ್ಲಿ ಹಣ ಕೊಡಬೇಕಾದವನಿಗೆ ಆ ಹಣ ಮರಳಿ ಬರಲು ಹನ್ನೆರಡು ತಿಂಗಳು ಬೇಕು. ನಡುವಣ ಅಂತರವನ್ನು ಬ್ಯಾಂಕಿನ ಸಾಲದಿಂದ ತುಂಬಬೇಕು. ಸಿ. ರಂಗರಾಜನ್ ಅವರ ಸಮಿತಿಯು 2012ರಲ್ಲಿ, ಸಕ್ಕರೆ ಹಾಗೂ ಉಪೋತ್ಪನ್ನಗಳ ಹುಟ್ಟುವಳಿಯಲ್ಲಿ ಶೇಕಡಾ 70ನ್ನು ಕಬ್ಬಿನವರಿಗೆ ಹಂಚಬೇಕೆಂದು ಸೂಚಿಸಿದ್ದು ಈ ತೊಡಕನ್ನು ಬಿಡಿಸುವ ದೃಷ್ಟಿಯಿಂದಲೇ. ಆ ಸೂಚನೆಯಲ್ಲಿ ನಮಗೆ ಸ್ವಾರಸ್ಯವಾಗಿ ತೋರುವ ಅಂಶವೆಂದರೆ, ಅದರಲ್ಲಿ ರೈತನು ಕೇವಲ ಮಾರುವವನಾಗಿ ಉಳಿಯದೆ ಪಾಲಿನವನಾಗುತ್ತಾನೆ. ಪಾಲಿನವನಾದ ಮೇಲೆ ಲೆಕ್ಕಪುಸ್ತಕವನ್ನು ತೆರೆದು ನೋಡುವ ಹಕ್ಕೂ ಅವನಿಗೆ ಬರಬೇಕಲ್ಲವೆ?

ಇಳುವರಿಯನ್ನು ಅಳೆಯುವವರು ಯಾರು? ಕಾರ್ಖಾನೆಯೇ. ತೂಕದ ಕಾಟಾ ಇರುವುದೆಲ್ಲಿ? ಕಾರ್ಖಾನೆಯ ಅಂಗಳದಲ್ಲಿಯೇ. ಕೊಳ್ಳುವವನ ತಕ್ಕಡಿಯಲ್ಲಿ ಮಾರುವವನ ಮಾಲು ತೂಗುವ ಈ ಏರ್ಪಾಡಿನಲ್ಲಿ ಸಂಶಯವು ಬೆಳೆಯುವುದು ಆಶ್ಚರ್ಯವಲ್ಲ. ಶೇಕಡಾ 0.1ರ ವ್ಯತ್ಯಾಸವು ಎಷ್ಟು ಹಣವೆಂಬುದನ್ನು ನೋಡಿರಿ. ಟನ್ನಿಗೆ 34 ರೂಪಾಯಿ 60 ಪೈಸೆ. ಎರಡು ಎಕರೆಯಲ್ಲಿ 80 ಟನ್ ಬೆಳೆದವನಿಗೆ 2,768 ರೂಪಾಯಿ. ಐದು ಲಕ್ಷ ಟನ್ ಅರೆಯುವ ಕಾರ್ಖಾನೆಗೆ ಒಂದು ಕೋಟಿ 73 ಲಕ್ಷ ರೂಪಾಯಿ. ಬಿಡಿಯಾಗಿ ಯಾರೂ ಕೋರ್ಟಿನ ಮೆಟ್ಟಿಲನ್ನು ಹತ್ತುವಷ್ಟು ದೊಡ್ಡ ನಷ್ಟವಲ್ಲ, ಒಟ್ಟಾಗಿ ಯಾರೂ ಕಣ್ಣುಮುಚ್ಚಿ ಬಿಡುವಷ್ಟು ಸಣ್ಣ ಮೊತ್ತವೂ ಅಲ್ಲ. ಇದರ ಮೇಲೆ ಎಥನಾಲಿನ ಲೆಕ್ಕ ಬೇರೆ ಸೇರಿದೆ. ರಸವನ್ನೋ ಸಕ್ಕರೆಯ ಅಂಶ ಹೆಚ್ಚಿರುವ ಕಾಕಂಬಿಯನ್ನೋ ಎಥನಾಲಿಗೆ ತಿರುಗಿಸಿದಾಗ ಗೋದಾಮಿಗೆ ಬರುವ ಸಕ್ಕರೆ ಕಡಿಮೆಯಾಗುತ್ತದೆ. ಹಾಗೆ ತಿರುಗಿಸಿದ ಭಾಗವನ್ನು ಇಳುವರಿಯ ಲೆಕ್ಕದಲ್ಲಿ ಮರಳಿ ಕೂಡಿಸದಿದ್ದರೆ ರೈತನ ದರವು ತಾನಾಗಿ ಕುಗ್ಗುತ್ತದೆ.

ನೈತಿಕ ನಿರ್ಣಯವೆಂಬುದು ಮನಸ್ಸಿನಲ್ಲಿ ಹೇಗೆ ನಡೆಯುತ್ತದೆಂಬುದನ್ನು ವಿವರಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್ ಅವರು 1986ರಲ್ಲಿ ನಾಲ್ಕು ಅಂಗಗಳನ್ನು ಹೇಳಿದರು: ಇಲ್ಲೊಂದು ನೀತಿಯ ಪ್ರಶ್ನೆಯಿದೆಯೆಂದು ಗುರುತಿಸುವುದು, ಯಾವುದು ಸರಿಯೆಂದು ತೀರ್ಮಾನಿಸುವುದು, ಅದನ್ನೇ ಮಾಡಬೇಕೆಂದು ಸಂಕಲ್ಪಿಸುವುದು, ಕೊನೆಗೆ ಅದನ್ನು ಮಾಡಿ ಮುಗಿಸುವ ಧೈರ್ಯ. ನಮ್ಮ ತರಗತಿಗಳಲ್ಲಿ ಎರಡನೆಯದರ ಚರ್ಚೆಯೇ ಹೆಚ್ಚು. ಆದರೆ ಕಾಟಾದ ಮುಂದೆ ಕುಳಿತ ಗುಮಾಸ್ತನಿಗೆ, ಪ್ರಯೋಗಶಾಲೆಯ ಕೆಮಿಸ್ಟನಿಗೆ ಯಾವುದು ಸರಿಯೆಂಬುದು ತಿಳಿಯದೆ ಹೋಗುವುದು ಅಪೂರ್ವ. ತೊಂದರೆ ಇರುವುದು ಮೊದಲನೆಯದರಲ್ಲಿ ಹಾಗೂ ನಾಲ್ಕನೆಯದರಲ್ಲಿ. ಅಂಕಿಯೊಂದನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುವುದು ರೂಢಿಯಾಗಿಬಿಟ್ಟಲ್ಲಿ ಅದು ನೀತಿಯ ಪ್ರಶ್ನೆಯೆಂದೇ ತೋರುವುದಿಲ್ಲ. ತೋರಿದರೂ, ಮಾಸಿಕ ಸಂಬಳದವನು ಹಂಗಾಮಿನ ನಡುವೆ ಮೇಲಧಿಕಾರಿಯ ಎದುರು ಅದನ್ನು ಆಡಿತೋರಿಸುವುದು ಸುಲಭವಲ್ಲ. ಆದುದರಿಂದ ಧೈರ್ಯವನ್ನು ವ್ಯಕ್ತಿಯಿಂದ ಬೇಡುವುದಕ್ಕಿಂತ ಅದರ ಅಗತ್ಯವನ್ನು ಕಡಿಮೆಮಾಡುವ ಏರ್ಪಾಡು ಮೇಲೆಂಬುದು ನಮ್ಮ ಅಭಿಪ್ರಾಯ. ಹೊರಗಿನ ಕಾಟಾದಲ್ಲಿ ತೂಗಿಸಿದ ಚೀಟಿಯನ್ನು ಕಾರ್ಖಾನೆಯು ಮನ್ನಿಸುವುದು, ದಿನದಿನದ ಇಳುವರಿಯನ್ನು ಬಾಗಿಲ ಫಲಕದಲ್ಲಿ ಬರೆದುಹಾಕುವುದು, ರೈತರ ಪ್ರತಿನಿಧಿಯೊಬ್ಬನ ಸಮಕ್ಷಮದಲ್ಲಿ ಮಾದರಿಯನ್ನು ತೆಗೆಯುವುದು ಇವು ದೊಡ್ಡ ಖರ್ಚಿನ ಕೆಲಸಗಳೇನೂ ಅಲ್ಲ.

ಈಗ ತರಗತಿಯಲ್ಲಿ ಎತ್ತಿಕೊಳ್ಳಬಹುದಾದ ಒಂದು ಸಮಸ್ಯೆಯನ್ನು ಮುಂದಿಡುತ್ತೇವೆ. ಅಂಕಿಗಳು ಕೇವಲ ಎಣಿಕೆಗಾಗಿ. ಫೆಬ್ರುವರಿಯಲ್ಲಿ ಒಂದು ಕಾರ್ಖಾನೆಯ ಕೈಯಲ್ಲಿ 20 ಕೋಟಿ ರೂಪಾಯಿ ಇದೆ. ಕಬ್ಬಿನ ಬಾಕಿ 30 ಕೋಟಿ, ಬ್ಯಾಂಕಿನ ಕಂತು 8 ಕೋಟಿ, ಕಾರ್ಮಿಕರ ಸಂಬಳ 3 ಕೋಟಿ, ಕೊಳೆನೀರು ಶುದ್ಧೀಕರಣ ಘಟಕದ ದುರಸ್ತಿಗೆ 2 ಕೋಟಿ, ಬರುವ ಹಂಗಾಮಿನ ಕಟಾವಿಗಾಗಿ ಮುಕಾದಮರಿಗೆ ಮುಂಗಡ 5 ಕೋಟಿ. ಯಾರಿಗೆ ಎಷ್ಟು? ಬಹುಪಾಲು ವಿದ್ಯಾರ್ಥಿಗಳು ಬ್ಯಾಂಕಿನಿಂದ ಆರಂಭಿಸುವರೆಂದು ನಾವು ಬಲ್ಲೆವು. ಬ್ಯಾಂಕು ನೋಟೀಸು ಕೊಡುತ್ತದೆ, ರೈತನು ಕೊಡುವುದಿಲ್ಲ. ಆದರೆ ಕೂಗು ಯಾರದು ದೊಡ್ಡದು ಎಂಬುದು ಹಂಚಿಕೆಯ ನ್ಯಾಯವಾಗಲಾರದು. ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಯಾರಿಗೆ ಕಡಿಮೆ, ಅವರಿಗೆ ಬೇರೆ ದಾರಿ ಉಂಟೆ, ಆದ ಹಾನಿಯನ್ನು ಮುಂದೆ ತುಂಬಿಕೊಡಲು ಸಾಧ್ಯವೆ ಎಂದು ಕೇಳಿದರೆ ಸಾಲು ಬೇರೆಯೇ ಆಗುತ್ತದೆ. ಸಂಬಳವನ್ನು ತಡೆಯಲಾಗದು. ಹೊಳೆಗೆ ಬಿಟ್ಟ ಕೊಳೆಯನ್ನು ಮರಳಿ ತೆಗೆಯಲಾಗದು, ಆದ್ದರಿಂದ ದುರಸ್ತಿಯನ್ನೂ ತಡೆಯಲಾಗದು. ಉಳಿದ 15 ಕೋಟಿಯಲ್ಲಿ ಬ್ಯಾಂಕಿನ ಕಂತನ್ನು ಮುಂದೂಡಿಸಿಕೊಳ್ಳಲು ಯತ್ನಿಸಿ, ಕಬ್ಬಿನವರಿಗೆ ಆದಷ್ಟು ಹೆಚ್ಚು ಪಾಲನ್ನು ಕೊಡುವುದು ಯುಕ್ತ. ಅದರೊಳಗೂ ಎಲ್ಲರಿಗೂ ಅರ್ಧರ್ಧವೆ, ಅಥವಾ ನಾಲ್ಕು ಟ್ರ್ಯಾಕ್ಟರು ಕಬ್ಬು ಕಳಿಸಿದವನಿಗೆ ಪೂರ್ತಿಯಾಗಿ ಕೊಟ್ಟು ನಾನೂರು ಕಳಿಸಿದವನಿಗೆ ಕಾಯಹೇಳುವುದೆ? ನಾವು ಎರಡನೆಯದನ್ನು ಮೆಚ್ಚುತ್ತೇವೆ. ಒಪ್ಪದವರ ವಾದಕ್ಕೂ ಬಲವುಂಟು, ಏಕೆಂದರೆ ದೊಡ್ಡ ರೈತನೂ ಸಾಲ ಮಾಡಿಯೇ ಗೊಬ್ಬರ ತಂದಿರುತ್ತಾನೆ. ಯಾವ ನಿರ್ಣಯವಾದರೂ, ಬಾಕಿ ಎಷ್ಟು, ಎಂದು ಸಲ್ಲುವುದು, ಬಡ್ಡಿ ಹೇಗೆ ಎಂಬುದನ್ನು ಮೊದಲೇ ಬರಹದಲ್ಲಿ ತಿಳಿಸುವುದು ಹಣವಿಲ್ಲದವನಿಗೂ ಸಾಧ್ಯವಾದ ಕರ್ತವ್ಯ.

ಇಂಥ ನಿರ್ಣಯವನ್ನು ಕೈಗೊಳ್ಳದೆ ಕಾಲ ಕಳೆದರೆ ಏನಾಗುತ್ತದೆಂಬುದಕ್ಕೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಶುಗರ್ಸ್ ಪ್ರಕರಣವು ಸಾಕ್ಷಿಯಾಗಿದೆ. ಆ ಕಂಪನಿಯು ಸಕ್ಕರೆಯನ್ನು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಅಡವಿಟ್ಟು ಸಾಲ ಪಡೆದಿತ್ತು. ಕಬ್ಬಿನ ಬಾಕಿಯೂ ಕಾರ್ಮಿಕರ ಬಾಕಿಯೂ ಉಳಿದಿರುವಾಗ, ಆ ಸಕ್ಕರೆಯ ಹಣದ ಮೇಲೆ ಮೊದಲ ಹಕ್ಕು ಯಾರದೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2007ರ ತೀರ್ಪಿನಲ್ಲಿ, ಅಡವು ಹಿಡಿದ ಬ್ಯಾಂಕಿನ ಹಕ್ಕೇ ಮುಂದಿನದೆಂದು ನಿರ್ಣಯವಾಯಿತು. ಕಬ್ಬು ರೈತನದು, ದುಡಿಮೆ ಕಾರ್ಮಿಕನದು, ಸಕ್ಕರೆಯಾದೊಡನೆ ಅದು ಬ್ಯಾಂಕಿನ ಬೀಗದ ಕೆಳಗೆ! ಬಳಿಕ ಬಂದ 2016ರ ದಿವಾಳಿ ಸಂಹಿತೆಯ 53ನೆಯ ಕಲಮು ಕಾರ್ಮಿಕರ 24 ತಿಂಗಳ ಬಾಕಿಯನ್ನು ಭದ್ರತೆಯುಳ್ಳ ಸಾಲಗಾರರ ಸಮಕ್ಕೆ ಏರಿಸಿತು. ಕಬ್ಬಿನ ಬೆಲೆಗೆ ಅಂಥ ಪ್ರತ್ಯೇಕ ಮೇಲ್ಸ್ಥಾನವನ್ನು ಅದು ಹೇಳಲಿಲ್ಲ. ನ್ಯಾಯಾಲಯವು ಕಾಯಿದೆಯನ್ನು ಇದ್ದಂತೆ ಓದಿತು, ಅದರಲ್ಲಿ ತಪ್ಪಿಲ್ಲ. ಆದರೆ ಕಾಯಿದೆಯು ಹೇಳುವುದು ಮುಳುಗಿದ ಮೇಲೆ ಯಾರು ಮೊದಲು ದಡ ಸೇರಬೇಕೆಂಬುದನ್ನು ಮಾತ್ರ. ಗೋದಾಮಿನ ಸಕ್ಕರೆಯನ್ನೆಲ್ಲ ಅಡವಿಡುವ ಪತ್ರಕ್ಕೆ ಸಹಿ ಹಾಕುವ ದಿನ ನಿರ್ದೇಶಕನು ರೈತನ ಭದ್ರತೆಯನ್ನೂ ಒತ್ತೆಯಿಡುತ್ತಿದ್ದಾನೆ. ನೀತಿಯ ಪ್ರಶ್ನೆ ಹುಟ್ಟುವುದು ಆ ದಿನ.

ರೈತರೇ ಒಡೆಯರಾದರೆ ಈ ತಂಟೆಯೇ ಇರಲಾರದೆಂದು ಒಂದು ಕಾಲಕ್ಕೆ ನಂಬಲಾಗಿತ್ತು. ಅಹಮದನಗರ ಜಿಲ್ಲೆಯ ಪ್ರವರಾನಗರದಲ್ಲಿ ವಿಠ್ಠಲರಾವ್ ವಿಖೆ ಪಾಟೀಲರೂ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರೂ ಕಟ್ಟಿದ ಸಹಕಾರಿ ಕಾರ್ಖಾನೆಯ ಮಾದರಿಯು ಬೆಳಗಾವಿ ಜಿಲ್ಲೆಗೂ ಹಬ್ಬಿತು. ಸಂಕೇಶ್ವರದ ಹಿರಣ್ಯಕೇಶಿ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ಚಿಕ್ಕೋಡಿಯ ದೂಧಗಂಗಾ–ಕೃಷ್ಣಾ ಮೊದಲಾದವು ಆ ಪರಂಪರೆಯವು. ಶೇರುದಾರನೂ ಸರಬರಾಜುದಾರನೂ ಒಬ್ಬನೇ ಆದಾಗ ಫ್ರೀಡ್‌ಮನ್–ಫ್ರೀಮನ್ನರ ವಾದಕ್ಕೆ ಎಡೆಯೇ ಇಲ್ಲವೆಂದು ತೋರಬಹುದು. ಅನುಭವ ಹಾಗೆ ಹೇಳುವುದಿಲ್ಲ. ಖಾನಾಪುರ ತಾಲ್ಲೂಕನ್ನೇ ನೋಡಬಹುದು. ಪಶ್ಚಿಮಕ್ಕೆ ಕಾಡು, ಬಿರುಮಳೆ, ಬತ್ತದ ಗದ್ದೆ. ಪೂರ್ವಕ್ಕೆ ಬಂದಂತೆ ಕಬ್ಬು. ಅಲ್ಲಿ ಸಹಕಾರಿ ತತ್ತ್ವದ ಮೇಲೆ ಹುಟ್ಟಿದ ಭಾಗ್ಯಲಕ್ಷ್ಮಿ ಕಾರ್ಖಾನೆಯು ಮುಂದೆ ಲೈಲಾ ಶುಗರ್ಸ್ ಎಂಬ ಖಾಸಗಿ ಸಂಸ್ಥೆಗೆ ಗೇಣಿಗೆ ಹೋಯಿತು. ಇಂಥ ಗೇಣಿಯಿಂದ ಸದಸ್ಯ ರೈತನ ಸ್ಥಾನವು ವಿಚಿತ್ರವಾಗುತ್ತದೆ. ಕಟ್ಟಡ ಯಂತ್ರಗಳ ಮಟ್ಟಿಗೆ ಅವನು ಗೇಣಿ ಪಡೆಯುವ ಒಡೆಯ, ಕಬ್ಬಿನ ಮಟ್ಟಿಗೆ ಅದೇ ಗೇಣಿದಾರನ ಬಾಗಿಲಲ್ಲಿ ಸರದಿ ಕಾಯುವ ಮಾರಾಟಗಾರ. ಗೇಣಿಯ ಕರಾರಿನಲ್ಲಿ ಬಾಡಿಗೆಯ ಮೊತ್ತವೆಷ್ಟೆಂಬುದರ ಜೊತೆಗೆ ಸದಸ್ಯರ ಕಬ್ಬಿಗೆ ಸರದಿ, ತೂಕ, ಪಾವತಿ ಇವುಗಳ ಖಾತರಿ ಏನೆಂಬುದೂ ಬರೆದಿರಬೇಕು.

ಬೇರೊಂದು ದಾರಿಯನ್ನು ಹಿಡಿದದ್ದು ಬೆಳಗಾವಿಯಲ್ಲಿ ನೆಲೆಗೊಂಡ ಶ್ರೀ ರೇಣುಕಾ ಶುಗರ್ಸ್. ಆಂಧ್ರದ ಹಿಂದೂಪುರದಲ್ಲಿದ್ದ, ನಿಜಾಮ್ ಶುಗರ್ಸ್‌ನವರ ನಿಂತುಹೋದ ಕಾರ್ಖಾನೆಯ ಯಂತ್ರಗಳನ್ನು 1998ರಲ್ಲಿ ಕೊಂಡು, ಸವದತ್ತಿ ಸೀಮೆಯ ಮುನವಳ್ಳಿಯಲ್ಲಿ ನಿಲ್ಲಿಸಿ, ಆ ಭಾಗದ ಸಾವಿರಾರು ರೈತರಿಗೆ ಶೇರುಗಳನ್ನು ಕೊಟ್ಟು ಅದನ್ನು ಆರಂಭಿಸಲಾಯಿತು. ಖಾಸಗಿ ಕಂಪನಿಯಲ್ಲಿ ರೈತನಿಗೂ ಪಾಲು ಎಂಬ ಈ ಪ್ರಯೋಗವು ಅಂದು ಬಹಳ ಜನರ ಗಮನವನ್ನು ಸೆಳೆಯಿತು. 2005ರಲ್ಲಿ ಶೇರುಪೇಟೆಗೆ ಬಂದ ಕಂಪನಿಯು 2010ರಲ್ಲಿ ಬ್ರೆಜಿಲ್ ದೇಶದ ಎರಡು ಸಕ್ಕರೆ ಸಂಸ್ಥೆಗಳಲ್ಲಿ ಹಣ ಹೂಡಿತು. ಅಲ್ಲಿಯ ಸಾಲ, ಜಗತ್ತಿನ ಸಕ್ಕರೆ ಬೆಲೆಯ ಕುಸಿತ ಇವುಗಳ ಭಾರಕ್ಕೆ ಬಾಗಿತು. 2018ರ ವೇಳೆಗೆ ಸಿಂಗಪುರದ ವಿಲ್ಮಾರ್ ಸಂಸ್ಥೆಯ ಹಿಡಿತಕ್ಕೆ ಬಂದಿತು. ಉದ್ಯಮಸಾಹಸವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ; ಗೆದ್ದಿದ್ದರೆ ಅದನ್ನೇ ದೂರದೃಷ್ಟಿಯೆಂದು ನಾವೆಲ್ಲ ಹೊಗಳುತ್ತಿದ್ದೆವು. ಆದರೆ ಶೇರುಪತ್ರವೊಂದು ರೈತನನ್ನು ಹಿತಸಂಬಂಧಿಯಾಗಿ ಮಾಡುವುದೆಂಬ ನಂಬಿಕೆಯ ಮಿತಿ ಇಲ್ಲಿ ಕಾಣುತ್ತದೆ. ಶೇರು ಕೈಯಲ್ಲಿರುವವನಿಗೆ ಲಾಭನಷ್ಟಗಳಲ್ಲಿ ಪಾಲು ಬರುತ್ತದೆ; ಸಾವಿರಾರು ಮೈಲುಗಳಾಚೆ ಹೂಡುವ ಬಂಡವಾಳದ ನಿರ್ಣಯದಲ್ಲಿ, ಚೂರುಚೂರಾಗಿ ಹಂಚಿಹೋದ ಸಣ್ಣ ಶೇರುದಾರರಿಗೆ ದನಿ ಬರುವುದಿಲ್ಲ.

ಮುನವಳ್ಳಿಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯು ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಖಾನಾಪುರ ಪಟ್ಟಣವನ್ನೂ ಎಂ.ಕೆ. ಹುಬ್ಬಳ್ಳಿಯನ್ನೂ ಹಾಯ್ದು ನವಿಲುತೀರ್ಥದ ಜಲಾಶಯವನ್ನು ಸೇರುವ ಈ ನದಿಯ ಗುಂಟ ಕಬ್ಬೂ ಇದೆ, ಕಾರ್ಖಾನೆಗಳೂ ಇವೆ, ಕುಡಿಯುವ ನೀರನ್ನು ಎತ್ತುವ ಊರುಗಳೂ ಇವೆ. ಸಕ್ಕರೆಯ ಗಿರಣಿಯ ಕೊಳೆನೀರು, ಅದಕ್ಕಿಂತ ಮಿಗಿಲಾಗಿ ಮದ್ಯಸಾರ ಘಟಕದ ಕಪ್ಪು ತ್ಯಾಜ್ಯ, ನೀರಿನೊಳಗಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ಕೆಳದಂಡೆಯ ಊರಿನವನು ಕಾರ್ಖಾನೆಗೆ ಕಬ್ಬು ಕೊಡುವವನಲ್ಲ, ಅದರಿಂದ ಸಂಬಳ ಪಡೆಯುವವನಲ್ಲ. ಅವನೊಡನೆ ಯಾವ ಕರಾರೂ ಇಲ್ಲ. ಖಾನಾಪುರದ ಹೆಂಚು, ಇಟ್ಟಿಗೆ, ಮಡಕೆಗಳ ಉದ್ಯೋಗದಲ್ಲಿಯೂ ಇದೇ ನ್ಯಾಯದ ಸಣ್ಣ ರೂಪವನ್ನು ಕಾಣಬಹುದು. ಅಲ್ಲಿಯ ಜೇಡಿಮಣ್ಣು ಹೆಸರಾದದ್ದು. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಆ ಊರಿನಲ್ಲಿದೆ. ಗದ್ದೆಯ ಮಣ್ಣನ್ನು ಭಟ್ಟಿಗೆ ಮಾರಿದವನಿಗೆ ಹಣ ಬಂದಿತು, ಕೊಂಡವನಿಗೆ ಹೆಂಚು ಬಂದಿತು. ಗದ್ದೆ ತಗ್ಗಿದ್ದರಿಂದ ಮೇಲಿನ ಗದ್ದೆಯ ನೀರು ಬಸಿದುಹೋಗಿ ಬದು ಕುಸಿದರೆ, ಆ ನೆರೆಯವನು ಈ ವ್ಯವಹಾರದ ಯಾವ ಕಾಗದದಲ್ಲಿಯೂ ಇಲ್ಲ.

ಕಾಗದದಲ್ಲಿ ಇಲ್ಲದವರನ್ನು ಗುರುತಿಸಲು 1997ರಲ್ಲಿ ಮಿಚೆಲ್, ಏಗಲ್, ವುಡ್ ಎಂಬ ಮೂವರು ವಿದ್ವಾಂಸರು ಒಂದು ಅಳತೆಯನ್ನು ಸೂಚಿಸಿದರು. ಹಿತಸಂಬಂಧಿಗೆ ಬಲವಿದೆಯೆ, ಅವನ ಬೇಡಿಕೆಯು ನ್ಯಾಯಬದ್ಧವೆ, ಅದು ತುರ್ತಿನದೆ ಎಂಬ ಮೂರನ್ನು ಕೇಳಬೇಕು; ಮೂರೂ ಇದ್ದವನ ಕಡೆಗೆ ವ್ಯವಸ್ಥಾಪಕನ ಕಣ್ಣು ತಾನಾಗಿ ಹೊರಳುತ್ತದೆ. ಬ್ಯಾಂಕಿಗೆ ಮೂರೂ ಇವೆ. ಕಬ್ಬಿನ ರೈತನಿಗೆ ನ್ಯಾಯವೂ ತುರ್ತೂ ಇವೆ. ಬಲವು ಗುರ್ಲಾಪುರದಂತಹ ಕೂಟದಲ್ಲಿ ಮಾತ್ರ, ಕೆಲವು ದಿನಗಳ ಮಟ್ಟಿಗೆ ಬರುತ್ತದೆ. ನ್ಯಾಯವೂ ತುರ್ತೂ ಇದ್ದು ಬಲವು ಎಂದಿಗೂ ಬಾರದವರೆಂದರೆ ಕಟಾವಿನ ಗ್ಯಾಂಗಿನವರು.

ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೂ ನಮ್ಮ ರಾಜ್ಯದ ಬರಸೀಮೆಗಳಿಂದಲೂ ಹಂಗಾಮಿಗೆ ಬರುವ ಈ ಜನ ಹೊಲದಂಚಿನ ಗುಡಿಸಲುಗಳಲ್ಲಿ ತಂಗಿ, ನಸುಕಿನಲ್ಲಿಯೇ ಕಬ್ಬಿಗೆ ಇಳಿಯುತ್ತಾರೆ. ಕಾರ್ಖಾನೆಯು ಮುಕಾದಮನಿಗೆ ಮುಂಗಡ ಕೊಡುತ್ತದೆ, ಮುಕಾದಮನು ಇವರಿಗೆ. ಕಾರ್ಖಾನೆಯ ವೇತನಪಟ್ಟಿಯಲ್ಲಿ ಇವರ ಹೆಸರಿಲ್ಲ. ರೈತನ ಬೆಲೆಯಿಂದ ಕಟಾವಿನ ವೆಚ್ಚವನ್ನು ಕಳೆಯುವುದರಿಂದ, ಕೂಲಿಯನ್ನು ಹೆಚ್ಚಿಸಿದರೆ ಅದರ ಭಾರ ತನ್ನ ಮೇಲೆ ಬೀಳುವುದೆಂದು ರೈತನು ಇವರಿಗೆ ಎದುರಾಗಿ ನಿಲ್ಲುತ್ತಾನೆ. ಇಬ್ಬರು ದುರ್ಬಲರ ನಡುವೆ ಜಗಳ ಹತ್ತಿ, ಲೆಕ್ಕ ಬರೆಯುವವನು ಪಕ್ಕಕ್ಕೆ ಸರಿದುಕೊಳ್ಳುತ್ತಾನೆ. ಕೂಲಿಯ ಎಣಿಕೆಯು ಕೊಯತಾದ ಮೇಲೆ ನಡೆಯುತ್ತದೆ. ಒಂದು ಕೊಯತಾ ಎಂದರೆ ಒಂದು ಕುಡುಗೋಲು, ಆದರೆ ಎರಡು ಜೀವ: ಗಂಡನು ಕಡಿಯುತ್ತಾನೆ, ಹೆಂಡತಿಯು ಸೋಗೆ ಸವರಿ ಹೊರೆಗಟ್ಟಿ ತಲೆಯ ಮೇಲೆ ಹೊತ್ತು ಬಂಡಿಗೆ ಹೇರುತ್ತಾಳೆ. ಒಬ್ಬರು ಒಂದು ದಿನ ಬಾರದಿದ್ದರೆ ದಂಡ ಬೀಳುವುದುಂಟು. ಬೀಡ ಜಿಲ್ಲೆಯ ಕಟಾವಿನ ಹೆಂಗಸರಲ್ಲಿ ಗರ್ಭಕೋಶವನ್ನು ತೆಗೆಯಿಸಿಕೊಂಡವರು ಅತಿಯಾಗಿದ್ದಾರೆಂಬ ವರದಿಗಳು ಬಂದಾಗ 2019ರಲ್ಲಿ ಮಹಾರಾಷ್ಟ್ರ ಸರ್ಕಾರವು ವಿಚಾರಣೆಗೆ ಸಮಿತಿಯನ್ನೇ ನೇಮಿಸಬೇಕಾಯಿತು. ಕೊಯತಾದ ಮುಂಗಡವು ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿ ಬರೆಯಲ್ಪಡುತ್ತದೆ. ಸಾಲವನ್ನು ಇಬ್ಬರೂ ತೀರಿಸುತ್ತಾರೆ. ಬೆಳಗಾವಿಯ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಬರುವ ಹಂಗಾಮಿನಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಟಾಗ, ಕಾರ್ಖಾನೆಯ ಕಚೇರಿಯಿಂದ ಕಬ್ಬಿನ ಬೆಲೆಯ ಪಟ್ಟಿಯನ್ನು ಬರೆದುಕೊಂಡು ಬರುವುದರ ಜೊತೆಗೆ, ಹೊಲದಂಚಿನ ಗುಡಿಸಲಿನಲ್ಲಿ ಆ ಮುಂಗಡದ ಚೀಟಿಯನ್ನೂ ಕೇಳಿ ನೋಡಲಿ, ಅದರಲ್ಲಿ ಎಷ್ಟು ಹೆಸರುಗಳಿವೆಯೆಂದು ಎಣಿಸಲಿ.